ತಂತಿ ಮುಟ್ಟದೆ ಹರಿದ ಶಕ್ತಿ

ಗಾಂಧಿಪುರಂನಲ್ಲಿ ನೆಲೆಸಿರುವ ನಾವು ಕೊಯಮತ್ತೂರನ್ನು ಹತ್ತಿ ಗಿರಣಿಗಳ ನಗರವೆಂದೂ ಮೋಟಾರು, ಪಂಪುಗಳ ನಗರವೆಂದೂ ಬಲ್ಲೆವು. ಈ ಎರಡೂ ಕೀರ್ತಿಗಳನ್ನು ಬೆಸೆದಿರುವ ವಿಜ್ಞಾನದ ಕಥೆಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

1831ರಲ್ಲಿ ಲಂಡನ್ನಿನ ಮೈಕೆಲ್ ಫ್ಯಾರಡೆ ಕಬ್ಬಿಣದ ಬಳೆಯೊಂದಕ್ಕೆ ಎರಡು ತಂತಿ ಸುರುಳಿಗಳನ್ನು ಸುತ್ತಿದನು. ಅವು ಒಂದನ್ನೊಂದು ಮುಟ್ಟದಂತೆ ನಡುವೆ ಇರಿಸಿದ್ದು ದಾರ ಮತ್ತು ಹತ್ತಿಬಟ್ಟೆ. ಒಂದು ಸುರುಳಿಗೆ ವಿದ್ಯುತ್ತನ್ನು ಹರಿಸಿದ ಕ್ಷಣದಲ್ಲಿಯೂ ನಿಲ್ಲಿಸಿದ ಕ್ಷಣದಲ್ಲಿಯೂ ಇನ್ನೊಂದಕ್ಕೆ ಜೋಡಿಸಿದ್ದ ಮುಳ್ಳು ಅಲುಗಿತು. ಬಟ್ಟೆ ವಿದ್ಯುತ್ತನ್ನು ತಡೆಯಿತು. ಬದಲಾಗುವ ಕಾಂತಕ್ಷೇತ್ರವನ್ನು ತಡೆಯಲಿಲ್ಲ. ಅವಾಹಕದ ಆಚೆಗೆ ಶಕ್ತಿಯನ್ನು ದಾಟಿಸುವ ವಿದ್ಯೆಯ ಮೂಲ ಇದೇ.

ಈ ವಿದ್ಯೆ ಕನ್ನಡನಾಡಿನಲ್ಲಿ ಬಹುಬೇಗ ಫಲಿಸಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಅಷ್ಟು ದೂರ ಸಾಗಿಸಲು ಒತ್ತಡವನ್ನು ಏರಿಸಿ, ಗಣಿಯ ಬಳಿ ಇಳಿಸಬೇಕಾಯಿತು. ಈ ಕೆಲಸವನ್ನು ಮಾಡಿದ್ದು ಪರಿವರ್ತಕಗಳು. ಅವುಗಳೊಳಗಿನ ಎರಡು ಸುರುಳಿಗಳಿಗೂ ಪರಸ್ಪರ ತಂತಿಯ ಸಂಪರ್ಕವಿರುವುದಿಲ್ಲ.

ಕೊಯಮತ್ತೂರಿನಲ್ಲಿ ಮೊದಲ ಬಟ್ಟೆ ಗಿರಣಿ ಆರಂಭವಾದದ್ದು 1888ರಲ್ಲಿ. ಅದೇ ವರ್ಷ ನಿಕೋಲಾ ಟೆಸ್ಲಾ ಅಮೆರಿಕದಲ್ಲಿ ತನ್ನ ಪ್ರೇರಣಾ ಮೋಟಾರಿಗೆ ಪೇಟೆಂಟು ಪಡೆದನು. ಇಂತಹ ಸಣ್ಣ ಮೋಟಾರುಗಳಲ್ಲಿ, ಹೊರಗಿನ ಸುರುಳಿಗೂ ಒಳಗೆ ತಿರುಗುವ ಭಾಗಕ್ಕೂ ನಡುವೆ ಮಿಲಿಮೀಟರಿಗಿಂತ ಕಿರಿದಾದ ಗಾಳಿಯ ತೆರಪಿರುತ್ತದೆ. ತಿರುಗುವ ಭಾಗಕ್ಕೆ ಯಾವ ತಂತಿಯೂ ಹೋಗುವುದಿಲ್ಲ. ಶಕ್ತಿಯೆಲ್ಲವೂ ಆ ತೆರಪನ್ನು ದಾಟಿಯೇ ಬರಬೇಕು. 1930ರ ದಶಕದಲ್ಲಿ ನೀಲಗಿರಿಯ ಪೈಕಾರಾ ವಿದ್ಯುತ್ತು ಈ ಬಯಲಿಗೆ ಇಳಿದ ಮೇಲೆ ಗಿರಣಿಗಳು ಹೆಚ್ಚಿದವು. 1937ರಲ್ಲಿ ಜಿ. ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ನಾಯ್ಡು ಅವರ ಪ್ರಯತ್ನದಿಂದ ಪೀಳಮೇಡಿನಲ್ಲಿ ಸ್ವದೇಶೀ ಮೋಟಾರು ಸಿದ್ಧವಾಯಿತು. ಹೊಲದ ಪಂಪು, ಮನೆಯ ರುಬ್ಬುವ ಯಂತ್ರ, ವಿದ್ಯುನ್ಮಗ್ಗ ಎಲ್ಲಕ್ಕೂ ಇಂತಹ ಮೋಟಾರೇ ಜೀವಾಳವಾಯಿತು.

ಕೊಯಮತ್ತೂರು, ತಿರುಪ್ಪೂರು ಸೀಮೆಗಳಲ್ಲಿ ಮನೆಮಾತಾಗಿ ಕನ್ನಡವನ್ನಾಡುವ ದೇವಾಂಗ ನೇಕಾರರು ತಲೆಮಾರುಗಳಿಂದ ನೆಲೆಸಿದ್ದಾರೆ. ಕೈಮಗ್ಗದ ಲಾಳಿ ಹಿಡಿದಿದ್ದ ಅನೇಕ ಕೈಗಳು ವಿದ್ಯುನ್ಮಗ್ಗದ ಗುಂಡಿ ಒತ್ತಿದವು. ದುಡಿಮೆಯ ವೇಗ ಹೆಚ್ಚಿತು. ಕೈಮಗ್ಗದ ಬೆಲೆ ಕುಗ್ಗಿತು. ಗಿರಣಿಗಳ ಚರಿತ್ರೆಯಲ್ಲಿ ಮಾಲೀಕರ ಹೆಸರುಗಳು ಉಳಿದಿವೆ. ಮಗ್ಗದ ಮುಂದೆ ನಿಂತವರ ನೆನಪುಗಳೂ ಅವರಾಡಿದ ನೇಯ್ಗೆಯ ಕನ್ನಡ ಪದಗಳೂ ಹಿರಿಯರ ಬಾಯಲ್ಲಷ್ಟೇ ಇವೆ.

ಇಂದು ಮೊಬೈಲನ್ನು ಹಲಗೆಯ ಮೇಲಿಟ್ಟು ತಂತಿಯಿಲ್ಲದೆ ಚಾರ್ಜು ಮಾಡುವ ನಮ್ಮ ಮಕ್ಕಳು ಅದನ್ನು ಹೊಸ ಸೋಜಿಗವೆಂದು ಭಾವಿಸುತ್ತಾರೆ. ಅದರ ಹಿಂದಿರುವುದು ಫ್ಯಾರಡೆ ಕಂಡ ತತ್ತ್ವವೇ ಎಂದು ಅವರಿಗೆ ತಿಳಿಸೋಣ. ಅವರ ಅಜ್ಜ ಅಜ್ಜಿಯರ ಮಗ್ಗದ ಮಾತುಗಳನ್ನೂ ಅವರು ಇರುವಾಗಲೇ ಬರೆದಿಟ್ಟುಕೊಳ್ಳೋಣ. ಇದು ನಮ್ಮ ಸಂಘಗಳು ಮುಂದೂಡಬಾರದ ಕೆಲಸ.