ಸೋಂಕಿಗೂ ಒಂದು ಹೊಸ್ತಿಲು

ದ್ಯುತಿವಿದ್ಯುತ್ ಪರಿಣಾಮದ ಪಾಠದಲ್ಲಿ ನೀವು ಹೊಸ್ತಿಲು ಆವೃತ್ತಿಯ ಬಗ್ಗೆ ಓದಿರುತ್ತೀರಿ. ಅದಕ್ಕಿಂತ ಕಡಿಮೆ ಆವೃತ್ತಿಯ ಬೆಳಕು ಎಷ್ಟೇ ಪ್ರಖರವಾಗಿದ್ದರೂ ಲೋಹದಿಂದ ಎಲೆಕ್ಟ್ರಾನ್ ಹೊರಬೀಳದು. ಸಾಂಕ್ರಾಮಿಕ ರೋಗಗಳಿಗೂ ಇಂಥ ಹೊಸ್ತಿಲು ಉಂಟು. ಆ ಕತೆಯ ಮೊದಲ ಎಳೆ ಬೆಂಗಳೂರಿನಲ್ಲಿದೆ.

1883ರಲ್ಲಿ ಸೇನಾ ವೈದ್ಯ ರೊನಾಲ್ಡ್ ರಾಸ್ ಬೆಂಗಳೂರಿನಲ್ಲಿದ್ದರು. ಮನೆಯಲ್ಲಿ ಸೊಳ್ಳೆ ಕಾಟ. ಕಿಟಕಿಯ ಹೊರಗಿನ ತೊಟ್ಟಿಯಲ್ಲಿ ಮರಿಗಳನ್ನು ಕಂಡು ನೀರು ಚೆಲ್ಲಿಸಿದರು, ಕಾಟ ತಗ್ಗಿತು. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಮಲೇರಿಯ ಪರೋಪಜೀವಿಯನ್ನು ಗುರುತಿಸಿದವರು ಇವರೇ. ಸೊಳ್ಳೆಗಳನ್ನೆಲ್ಲ ಕೊಲ್ಲಲಾದೀತೆ ಎಂಬ ಆಕ್ಷೇಪಕ್ಕೆ ರಾಸ್ ಗಣಿತದಿಂದ ಉತ್ತರಿಸಿದರು: ಎಲ್ಲವನ್ನೂ ಕೊಲ್ಲಬೇಕಿಲ್ಲ, ಅವುಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ರೋಗ ತಾನೇ ಕ್ಷೀಣಿಸುತ್ತದೆ.

ಭಾರತದಲ್ಲಿ ಸೇವೆ ಸಲ್ಲಿಸಿದ್ದ ವೈದ್ಯ ಮೆಕೆಂಡ್ರಿಕ್ ಮತ್ತು ರಸಾಯನವಿಜ್ಞಾನಿ ಕರ್ಮ್ಯಾಕ್ 1927ರಲ್ಲಿ ಈ ವಿಚಾರವನ್ನು ವಿಸ್ತರಿಸಿದರು. ರಾಸಾಯನಿಕ ಕ್ರಿಯೆಯ ದರ ಪ್ರತಿವರ್ತಕಗಳ ಸಾಂದ್ರತೆಗಳ ಗುಣಲಬ್ಧವನ್ನು ಅವಲಂಬಿಸುವಂತೆ, ಹೊಸ ಸೋಂಕಿನ ದರವೂ ಸೋಂಕಿತರ ಮತ್ತು ಸೋಂಕು ತಗಲಬಲ್ಲವರ ಸಂಖ್ಯೆಗಳ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ ಎಂದು ಭಾವಿಸಿದರು. 1905–06ರ ಮುಂಬಯಿ ಪ್ಲೇಗಿನ ಸಾವಿನ ಅಂಕಿಗಳಿಗೆ ಅವರ ರೇಖೆ ಚೆನ್ನಾಗಿ ಹೊಂದಿತು.

ಇಲ್ಲಿಂದ ಲಸಿಕೆಯ ಲೆಕ್ಕ ಸುಲಭ. ಸಿಡುಬಿನ ರೋಗಿಯೊಬ್ಬ ಸುಮಾರು 5 ಜನರಿಗೆ ಸೋಂಕು ಹರಡುತ್ತಾನೆಂದುಕೊಳ್ಳಿ. ಐವರಲ್ಲಿ ನಾಲ್ವರಿಗೆ ರಕ್ಷಣೆ ಇದ್ದರೆ ಒಬ್ಬನಿಗೆ ಮಾತ್ರ ಹರಡೀತು. ಹೊಸ್ತಿಲು ಶೇ. 80. ಭಾರತದಲ್ಲಿ 1962ರಲ್ಲಿ ಆರಂಭವಾದ ಸಿಡುಬು ನಿರ್ಮೂಲನ ಕಾರ್ಯಕ್ರಮದ ಗುರಿಯೂ ಶೇ. 80 ಆಗಿತ್ತು. ಆದರೆ ಆ ಗುರಿ ಮುಟ್ಟಿದ ಕಡೆಗಳಲ್ಲೂ ಸಿಡುಬು ನಿಲ್ಲಲಿಲ್ಲ. ಏಕೆ?

ಅನಿಲದ ಅಣುಗಳಂತೆ ಜನ ಸಮವಾಗಿ ಬೆರೆಯುತ್ತಾರೆಂಬ ಊಹೆ ಈ ಲೆಕ್ಕದಲ್ಲಿ ಅಡಗಿದೆ. ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡೆಯನ್ನು ನೆನೆಯಿರಿ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಗಡ್ಡೆಗೆ ಹಾದಿಯೇ ಇಲ್ಲ. ಇಂಥ ಜಾಗದಲ್ಲಿ ಅರ್ಧದಷ್ಟು ಮಕ್ಕಳು ಲಸಿಕೆಯಿಂದ ತಪ್ಪಿದರೆನ್ನಿ. ತಾಲ್ಲೂಕಿನ ಸರಾಸರಿ ಶೇ. 95 ಇದ್ದರೂ ಅಲ್ಲಿ ರೋಗಿಯೊಬ್ಬ ಎರಡೂವರೆ ಜನರಿಗೆ ಸಿಡುಬು ಹರಡುತ್ತಾನೆ. ಒಬ್ಬನಿಂದ ಸುಮಾರು 15 ಜನರಿಗೆ ತಗಲಬಲ್ಲ ದಡಾರವಾದರೆ ಏಳಕ್ಕೂ ಹೆಚ್ಚು. ನೀರು ನಡುಗಡ್ಡೆ ಮಾಡುವಂತೆ ಬಡತನ, ವಲಸೆ, ಅಪನಂಬಿಕೆಗಳೂ ಊರೊಳಗೇ ನಡುಗಡ್ಡೆಗಳನ್ನು ಮಾಡುತ್ತವೆ.

1973ರಿಂದ ಕಾರ್ಯಕರ್ತರು ಮನೆಮನೆ ಸುತ್ತಿ ರೋಗಿಗಳನ್ನು ಹುಡುಕಿ, ಅವರ ಸುತ್ತಲಿನವರಿಗೆಲ್ಲ ಲಸಿಕೆ ಹಾಕಿದರು. 1975ರಲ್ಲಿ ಭಾರತದ ಕೊನೆಯ ಸಿಡುಬು ಪ್ರಕರಣ ದಾಖಲಾಯಿತು.

ಶಿಕ್ಷಕರೇ, ಈ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಿ. ಶೇಕಡಾವಾರು ಅಂಕಿ ಬಂದಾಗಲೆಲ್ಲ ಅದು ಯಾವ ಊರಿನದು, ಯಾವ ಕೇರಿಯದು ಎಂದು ಮಕ್ಕಳು ಕೇಳಲಿ.