ಕೆಂಟಕಿಯ ನಾಲ್ವರು ಆಟಗಾರರು

ಅಮೆರಿಕದಲ್ಲಿ ಫುಟ್‌ಬಾಲ್ ಎಂದರೆ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳ ಸಾಲನ್ನು ಭೇದಿಸಿ ಮುನ್ನುಗ್ಗುವ ಆಟವದು. ಅಲ್ಲಿನ ಕಾಲೇಜುಗಳು ಪ್ರಾಂತವಾರು ಕೂಟಗಳನ್ನು ಕಟ್ಟಿಕೊಂಡು ಪ್ರತಿ ಶರತ್ಕಾಲದಲ್ಲಿಯೂ ತಮ್ಮೊಳಗೆ ಸೆಣಸುತ್ತವೆ. ದಕ್ಷಿಣದ ವಿಶ್ವವಿದ್ಯಾನಿಲಯಗಳು 1932ರಲ್ಲಿ ಸ್ಥಾಪಿಸಿದ ಸೌತ್‌ಈಸ್ಟರ್ನ್ ಕಾನ್ಫರೆನ್ಸ್ ಅಂಥ ಕೂಟಗಳಲ್ಲೊಂದು. ಅದರ 1967ರ ಋತುವನ್ನು ಕುರಿತು ವಾಚಕರಿಗೆ ನಾಲ್ಕು ಮಾತು ಹೇಳಬಯಸುತ್ತೇವೆ.

ಕೂಟ ಹುಟ್ಟಿ ಮೂರೂವರೆ ದಶಕ ಕಳೆಯುತ್ತ ಬಂದಿದ್ದರೂ ಅದರ ಯಾವ ತಂಡದ ಪರವಾಗಿಯೂ ಕಪ್ಪು ಜನಾಂಗದ ಒಬ್ಬನೇ ಒಬ್ಬ ಫುಟ್‌ಬಾಲ್ ಪಂದ್ಯಕ್ಕೆ ಇಳಿದಿರಲಿಲ್ಲ. 1964ರಲ್ಲಿ ನಾಗರಿಕ ಹಕ್ಕುಗಳ ಕಾನೂನು ಬಂದಮೇಲೂ ಈ ಬಾಗಿಲು ಮುಚ್ಚಿಯೇ ಇತ್ತು. ಅದನ್ನು ತೆರೆಯಲು ಹೊರಟವರು 1966ರಲ್ಲಿ ಕೆಂಟಕಿ ವಿಶ್ವವಿದ್ಯಾನಿಲಯವನ್ನು ಸೇರಿದ ನೇಟ್ ನಾರ್ತಿಂಗ್ಟನ್ ಮತ್ತು ಗ್ರೆಗ್ ಪೇಜ್. ಒಂದೇ ಕೋಣೆಯಲ್ಲಿ ವಾಸಿಸುತ್ತಿದ್ದ ಗೆಳೆಯರು. ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲವಾದ್ದರಿಂದ ಅವರು 1967ರವರೆಗೆ ಕಾಯಬೇಕಾಯಿತು.

ಆದರೆ ವಿಧಿ ಬೇರೆಯೇ ಬಗೆದಿತ್ತು. ಆ ವರ್ಷದ ಆಗಸ್ಟ್ 22ರಂದು ಅಭ್ಯಾಸದ ವೇಳೆಯಲ್ಲಿ ಪೇಜರ ಕುತ್ತಿಗೆಗೆ ಪೆಟ್ಟಾಗಿ ದೇಹ ಸ್ವಾಧೀನ ತಪ್ಪಿತು. 38 ದಿನ ಆಸ್ಪತ್ರೆಯಲ್ಲಿ ನರಳಿ ಸೆಪ್ಟೆಂಬರ್ 29ರಂದು ತೀರಿಕೊಂಡರು. ಮರುದಿನವೇ ಮಿಸಿಸಿಪ್ಪಿ ವಿಶ್ವವಿದ್ಯಾನಿಲಯದೊಡನೆ ಪಂದ್ಯ. ಗೆಳೆಯನ ಸಾವಿನ ದುಃಖವನ್ನು ಹೊತ್ತೇ ನಾರ್ತಿಂಗ್ಟನ್ ಕಣಕ್ಕಿಳಿದರು. ಆಡಿದ್ದು ಕೆಲವೇ ನಿಮಿಷ. ಮೊದಲೇ ಪೆಟ್ಟಾಗಿದ್ದ ಭುಜ ಮತ್ತೆ ಕೈಕೊಟ್ಟಿತು. ಕೆಂಟಕಿ ಸೋತಿತು.

ಕೆಲವು ವಾರಗಳಲ್ಲಿ ಅವರು ಆ ವಿಶ್ವವಿದ್ಯಾನಿಲಯವನ್ನೇ ತೊರೆದರು. ಹೋಗುವ ಮುನ್ನ, ತಮಗಿಂತ ಒಂದು ವರ್ಷ ಕಿರಿಯರಾದ ವಿಲ್ಬರ್ ಹ್ಯಾಕೆಟ್ ಮತ್ತು ಹೂಸ್ಟನ್ ಹಾಗ್ ಎಂಬ ಕಪ್ಪು ಆಟಗಾರರಿಬ್ಬರಿಗೆ, ಏನೇ ಆದರೂ ನೀವು ಬಿಟ್ಟುಹೋಗಕೂಡದೆಂದು ಹೇಳಿದರು. ಅವರು ಬಿಟ್ಟುಹೋಗಲಿಲ್ಲ. 1969ರಲ್ಲಿ ಹ್ಯಾಕೆಟ್ ಕೆಂಟಕಿ ತಂಡದ ನಾಯಕರಲ್ಲೊಬ್ಬರಾದರು. 1972ರ ಹೊತ್ತಿಗೆ ಕೂಟದ ಎಲ್ಲ ತಂಡಗಳಲ್ಲಿಯೂ ಕಪ್ಪು ಜನಾಂಗದ ಯುವಕರು ಆಡತೊಡಗಿದ್ದರು.

1967ರಲ್ಲಿ ಕೂಟದ ಪ್ರಶಸ್ತಿ ಟೆನೆಸಿಯ ಪಾಲಾಯಿತು. ಕೆಂಟಕಿ ಗೆದ್ದದ್ದು 10 ಪಂದ್ಯಗಳಲ್ಲಿ ಎರಡನ್ನು ಮಾತ್ರ. ಆದರೂ ಆ ಸೋತ ತಂಡದ ನಾಲ್ವರು ಯುವಕರಿಗೆ 2016ರಲ್ಲಿ ಅದೇ ವಿಶ್ವವಿದ್ಯಾನಿಲಯದಲ್ಲಿ ಪ್ರತಿಮೆಗಳನ್ನು ನಿಲ್ಲಿಸಲಾಯಿತು. ಒಬ್ಬರು ಪ್ರಾಣವನ್ನೇ ತೆತ್ತರು, ಒಬ್ಬರು ಬಾಗಿಲು ತೆರೆದು ಹೊರನಡೆದರು, ಇಬ್ಬರು ನಿಂತು ಅದು ಮತ್ತೆ ಮುಚ್ಚದಂತೆ ಕಾದರು. ಅಂಕಪಟ್ಟಿಯಲ್ಲಿ ಕಾಣದ ಈ ಗೆಲುವನ್ನು ನಾವು ಮರೆಯಲಾಗದು.