ಮರದ ಪಿಸ್ತೂಲು ಮತ್ತು ಶಿಕಾಗೋ ಟೈಪ್‌ರೈಟರ್

1934ರ ಮಾರ್ಚ್ 3, ಶನಿವಾರ. ಆ ದಿನ ಬೆಂಗಳೂರಿನಲ್ಲಿ ಕನ್ನಡದ ಮೊದಲ ಟಾಕಿ ಸಿನಿಮಾ 'ಸತಿ ಸುಲೋಚನಾ' ಬಿಡುಗಡೆಯಾಯಿತು. ಅದೇ ಶನಿವಾರ, ಶಿಕಾಗೋದಿಂದ ಸುಮಾರು ಒಂದು ಗಂಟೆ ದಾರಿಯ ಇಂಡಿಯಾನಾದ ಕ್ರೌನ್ ಪಾಯಿಂಟ್ ಅನ್ನೋ ಊರಿನ ಜೈಲಿನಿಂದ ಜಾನ್ ಡಿಲಿಂಜರ್ ಎಂಬ ಬ್ಯಾಂಕ್ ದರೋಡೆಕೋರ ತಪ್ಪಿಸಿಕೊಂಡ. ಅವನ ಕೈಯಲ್ಲಿ ಇದ್ದದ್ದು ಒಂದು ಮರದ ಪಿಸ್ತೂಲು. ಮರದ ತುಂಡನ್ನು ಕೆತ್ತಿ, ಬೂಟ್ ಪಾಲಿಶ್ ಹಚ್ಚಿ ಕಪ್ಪು ಮಾಡಿದ್ದು.

ಈ ಎರಡು ಘಟನೆಗಳಿಗೆ ಒಂದಕ್ಕೊಂದು ಯಾವ ಸಂಬಂಧವೂ ಇಲ್ಲ, ತಾರೀಖು ಒಂದೇ ಅನ್ನೋದು ಬರೀ ಕಾಕತಾಳೀಯ. ಆದರೂ ಸಿನಿಮಾದ ಆಯುಧಗಳ ಕತೆ ಹೇಳೋಕೆ ಇದಕ್ಕಿಂತ ಒಳ್ಳೆ ದಿನ ಸಿಗಲ್ಲ. ಸುಲೋಚನೆ ಯಾರು ಗೊತ್ತಲ್ಲ, ರಾವಣನ ಮಗ ಇಂದ್ರಜಿತುವಿನ ಹೆಂಡತಿ. ರಾಮಾಯಣದ ಯುದ್ಧಕಾಂಡದಲ್ಲಿ ಈ ಇಂದ್ರಜಿತು ಒಂದು ಮಾಯೆಯ ಸೀತೆಯನ್ನು ಸೃಷ್ಟಿಸಿ, ರಥದಲ್ಲಿ ಕೂರಿಸಿಕೊಂಡು ಬಂದು, ಹನುಮಂತನ ಕಣ್ಣೆದುರೇ ಕತ್ತರಿಸಿ ಹಾಕ್ತಾನೆ. ಸೀತೆ ಸತ್ತಳು ಅಂತ ಕಪಿಸೈನ್ಯ ಕಂಗಾಲಾಗುತ್ತೆ, ರಾಮ ಮೂರ್ಛೆ ಹೋಗ್ತಾನೆ. ಸತ್ತದ್ದು ಯಾರೂ ಇಲ್ಲ. ಆದರೆ ಇಂದ್ರಜಿತುವಿಗೆ ಬೇಕಾಗಿದ್ದ ಸಮಯ ಸಿಕ್ಕಿತು. ಡಿಲಿಂಜರನ ಮರದ ಪಿಸ್ತೂಲು ಮಾಡಿದ್ದೂ ಇದನ್ನೇ.

ಕನ್ನಡದಲ್ಲಿ 'ಸೋಗು' ಅಂತ ಒಂದು ಪದ ಇದೆ. ಇಲ್ಲೇ ಹುಟ್ಟಿ ಬೆಳೆದವರು ಇದನ್ನು ಮನೆಯಲ್ಲಿ ಕೇಳಿರಲಿಕ್ಕಿಲ್ಲ. ಸೋಗು ಅಂದರೆ ವೇಷವೂ ಹೌದು, ನಟನೆಯೂ ಹೌದು, ಮೋಸವೂ ಹೌದು. ಜಾತ್ರೆಯಲ್ಲಿ ಹುಲಿಯ ಸೋಗು ಹಾಕಿದವನಿಗೆ ನಾವು ಕಾಸು ಕೊಡ್ತೀವಿ. ಸಾಧುವಿನ ಸೋಗಿನಲ್ಲಿ ಬಂದ ಕಳ್ಳನನ್ನು ಪೊಲೀಸರಿಗೆ ಕೊಡ್ತೀವಿ. ಪದ ಒಂದೇ. ಎರಡರ ನಡುವಿನ ವ್ಯತ್ಯಾಸ ವೇಷದಲ್ಲಿ ಇಲ್ಲ, ನೋಡುವವನಿಗೆ ಅದು ವೇಷ ಅಂತ ಗೊತ್ತಿದೆಯಾ ಇಲ್ಲವಾ ಅನ್ನೋದರಲ್ಲಿದೆ.

ಯಕ್ಷಗಾನದಲ್ಲಿ ಇದು ಎಲ್ಲರಿಗೂ ಗೊತ್ತು. ಹಗುರವಾದ ಮರದ ಮೇಲೆ ಬೇಗಡೆ, ಅಂದರೆ ತೆಳು ಹೊಳೆಯುವ ಹಾಳೆ, ಅಂಟಿಸಿ ಕಿರೀಟ, ಭುಜಕೀರ್ತಿ ಮಾಡ್ತಾರೆ. ಕೈಯಲ್ಲಿ ಮರದ ಗದೆ. ಅದು ಮರ ಅಂತ ಮಗುವಿಗೂ ಗೊತ್ತು, ಆದರೂ ಭೀಮ ಗದೆ ಎತ್ತಿದಾಗ ಮಗು ಅಮ್ಮನ ಸೆರಗು ಹಿಡಿಯುತ್ತೆ. ಸಿನಿಮಾ ಬಂದಾಗ ಕಷ್ಟ ಶುರುವಾಯಿತು. ಕ್ಯಾಮೆರಾ ಹತ್ತಿರ ಬರುತ್ತೆ. ಮರ ಮರದ ಹಾಗೇ ಕಾಣುತ್ತೆ. ಇನ್ನು ಬಂದೂಕಿನ ವಿಷಯಕ್ಕೆ ಬಂದರಂತೂ ಬೆಂಕಿ ಬರಬೇಕು, ಹೊಗೆ ಬರಬೇಕು, ಸದ್ದು ಬರಬೇಕು.

ಶಿಕಾಗೋ ಮತ್ತು ಡೆಟ್ರಾಯಿಟ್ ಸಿನಿಮಾಕ್ಕೆ ಕೊಟ್ಟ ಆಯುಧ ಅಂದರೆ ಥಾಮ್ಸನ್ ಸಬ್‌ಮಷಿನ್ ಗನ್. ಅಡ್ಡಹೆಸರು 'ಟಾಮಿ ಗನ್', ಇನ್ನೊಂದು 'ಶಿಕಾಗೋ ಟೈಪ್‌ರೈಟರ್'. ಜನರಲ್ ಜಾನ್ ಥಾಮ್ಸನ್ ಇದನ್ನು ಯೋಚಿಸಿದ್ದು ಮೊದಲ ಮಹಾಯುದ್ಧದ ಕಂದಕಗಳಿಗಾಗಿ. ಆದರೆ ಬಂದೂಕು ತಯಾರಾಗುವಷ್ಟರಲ್ಲಿ ಯುದ್ಧವೇ ಮುಗಿದಿತ್ತು. 1921ರಲ್ಲಿ ಕೋಲ್ಟ್ ಕಂಪನಿ 15,000 ಬಂದೂಕುಗಳನ್ನು ಮಾಡಿಕೊಟ್ಟಿತು, ಕೊಳ್ಳುವ ಸೈನ್ಯ ಇರಲಿಲ್ಲ. ಬೆಲೆ ಸುಮಾರು 200 ಡಾಲರ್. ಅದೇ ದಶಕದಲ್ಲಿ ಫೋರ್ಡ್ ಮಾಡೆಲ್ ಟಿ ಕಾರು 260 ಡಾಲರಿಗೆ ಸಿಗುತ್ತಿತ್ತು. ಅಂದರೆ ಒಂದು ಬಂದೂಕಿಗೆ ಹೆಚ್ಚುಕಡಿಮೆ ಒಂದು ಕಾರಿನ ದುಡ್ಡು. ಅಷ್ಟು ದುಡ್ಡು ಇದ್ದದ್ದು ಪಾನನಿಷೇಧದ ಕಾಲದಲ್ಲಿ ಕಳ್ಳ ಸಾರಾಯಿ ಮಾರುತ್ತಿದ್ದವರ ಹತ್ತಿರ.

ಡೆಟ್ರಾಯಿಟ್‌ನಲ್ಲಿ ಈ ಬಂದೂಕು ಮೊದಲು ಸದ್ದು ಮಾಡಿದ್ದು 1927ರ ಮಾರ್ಚ್ 28ರಂದು, ಮಿಲಾಫ್ಲೋರೆಸ್ ಎಂಬ ಅಪಾರ್ಟ್‌ಮೆಂಟಿನಲ್ಲಿ. ಮೂವರು ಸತ್ತರು. ಪೊಲೀಸರ ಅನುಮಾನ ಹೋದದ್ದು ಪರ್ಪಲ್ ಗ್ಯಾಂಗ್ ಮೇಲೆ, ಅದರ ಜೊತೆಗಿದ್ದ ಫ್ರೆಡ್ ಬರ್ಕ್ ಎಂಬ ಬಾಡಿಗೆ ಹಂತಕನ ಮೇಲೆ. ಎರಡು ವರ್ಷ ಆದಮೇಲೆ, 1929ರ ಫೆಬ್ರವರಿ 14ರಂದು, ಶಿಕಾಗೋದ ನಾರ್ತ್ ಕ್ಲಾರ್ಕ್ ಸ್ಟ್ರೀಟಿನ 2122ನೇ ನಂಬರಿನ ಗ್ಯಾರೇಜಿನಲ್ಲಿ ಏಳು ಜನರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಕೊಂದರು. ಇದೇ ವ್ಯಾಲೆಂಟೈನ್ಸ್ ಡೇ ಹತ್ಯಾಕಾಂಡ.

ಇಲ್ಲಿ ಒಂದು ಪ್ರಶ್ನೆ. ಆ ಏಳು ಜನರಲ್ಲಿ ಹೆಚ್ಚಿನವರು ಪಳಗಿದ ಗ್ಯಾಂಗಿನವರು. ಸುಮ್ಮನೆ ಯಾಕೆ ಗೋಡೆ ಕಡೆ ತಿರುಗಿ ನಿಂತರು? ಯಾಕೆಂದರೆ ಒಳಗೆ ಬಂದವರಲ್ಲಿ ಇಬ್ಬರು ಪೊಲೀಸ್ ಸಮವಸ್ತ್ರದಲ್ಲಿದ್ದರು. ಇನ್ನೊಂದು ರೇಡ್ ಇರಬೇಕು, ಸಂಜೆಗೆ ಬೇಲ್ ಸಿಗುತ್ತೆ ಅಂತ ಅವರು ಅಂದುಕೊಂಡಿರಬೇಕು. ಗುಂಡು ಹಾರಿಸಿದ್ದು ಬಂದೂಕು ನಿಜ, ಆದರೆ ಅದಕ್ಕೂ ಮುಂಚೆ ಕೆಲಸ ಮುಗಿಸಿದ್ದು ಸೋಗು.

ಶಿಕಾಗೋದಿಂದ ಡೆಟ್ರಾಯಿಟ್‌ಗೆ ಐ-94ರಲ್ಲಿ ಹೋಗುವಾಗ ಮಿಶಿಗನ್ ಸರೋವರದ ದಂಡೆಯಲ್ಲಿ ಸೇಂಟ್ ಜೋಸೆಫ್ ಅಂತ ಒಂದು ಊರು ಬರುತ್ತೆ. ಬೇಸಿಗೆಯಲ್ಲಿ ಬೀಚ್‌ಗೆ ಅಂತ ನಮ್ಮವರು ಬಹಳ ಜನ ಹೋಗುವ ಜಾಗ. 1929ರ ಡಿಸೆಂಬರ್ 14ರಂದು ಫ್ರೆಡ್ ಬರ್ಕ್ ಅಲ್ಲಿ ಚಾರ್ಲ್ಸ್ ಸ್ಕೆಲ್ಲಿ ಎಂಬ ಪೊಲೀಸನನ್ನು ಕೊಂದು ಓಡಿಹೋದ. ಅವನು ಬೇರೆ ಹೆಸರಿನಲ್ಲಿ ಇದ್ದ ಮನೆಯನ್ನು ಹುಡುಕಿದಾಗ ಎರಡು ಥಾಮ್ಸನ್ ಸಿಕ್ಕವು. ಕರ್ನಲ್ ಕ್ಯಾಲ್ವಿನ್ ಗೊಡಾರ್ಡ್ ಅವುಗಳಿಂದ ಗುಂಡು ಹಾರಿಸಿ, ಗುಂಡಿನ ಮೇಲೆ ಬೀಳುವ ಗೆರೆಗಳನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿ, ಕ್ಲಾರ್ಕ್ ಸ್ಟ್ರೀಟಿನ ಹತ್ಯೆಗೆ ಬಳಸಿದ್ದು ಇವನ್ನೇ ಅಂತ ತೋರಿಸಿಕೊಟ್ಟರು. ಆ ಎರಡೂ ಬಂದೂಕುಗಳು ಇವತ್ತಿಗೂ ಅಲ್ಲಿನ ಬೆರಿಯನ್ ಕೌಂಟಿಯ ಶೆರಿಫ್ ಇಲಾಖೆಯ ಹತ್ತಿರವೇ ಇವೆ.

ಹಾಲಿವುಡ್ ತಡಮಾಡಲಿಲ್ಲ. 1931ರಲ್ಲಿ 'ದಿ ಪಬ್ಲಿಕ್ ಎನಿಮಿ', 1932ರಲ್ಲಿ 'ಸ್ಕಾರ್‌ಫೇಸ್'. ಆಗ ಗುಂಡು ಗೋಡೆಗೆ ಬಡಿಯುವ ದೃಶ್ಯ ಬೇಕು ಅಂದರೆ ಗುರಿಕಾರನನ್ನು ಕರೆಸಿ ನಿಜವಾದ ಗುಂಡನ್ನೇ ಹೊಡೆಸುತ್ತಿದ್ದರು. 'ದಿ ಪಬ್ಲಿಕ್ ಎನಿಮಿ'ಯಲ್ಲಿ ಜೇಮ್ಸ್ ಕ್ಯಾಗ್ನಿ ಮೂಲೆ ತಿರುಗಿ ಮರೆಯಾಗುತ್ತಲೇ ಗೋಡೆ ಚೂರುಚೂರಾಗುತ್ತಲ್ಲ, ಅದು ನಟನೆ ಅಲ್ಲ, ನಿಜ. ಬಂದೂಕುಗಳನ್ನು ಸ್ಟುಡಿಯೋಗಳಿಗೆ ಬಾಡಿಗೆಗೆ ಕೊಡಲು ಸ್ಟೆಂಬ್ರಿಜ್ ಗನ್ ರೆಂಟಲ್ಸ್‌ನಂಥ ಅಂಗಡಿಗಳಿದ್ದವು. ಪರದೆಯ ಮೇಲಿನ ಬಹಳಷ್ಟು ಟಾಮಿ ಗನ್ನುಗಳು ನಿಜವಾದವೇ, ಒಳಗೆ ಒಂದು ಬದಲಾವಣೆ ಮಾಡಿದ್ದು ಅಷ್ಟೇ.

ಆ ಬದಲಾವಣೆ ಏನು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ತೋಟಾ ಅಂದರೆ ತಳದಲ್ಲಿ ಕಿಡಿ ಹೊತ್ತಿಸುವ ಕ್ಯಾಪ್, ಒಳಗೆ ಮದ್ದು, ತುದಿಯಲ್ಲಿ ಗುಂಡು ಇರುವ ಹಿತ್ತಾಳೆಯ ಕೊಳವೆ. ಸಿನಿಮಾದಲ್ಲಿ ಬಳಸುವ 'ಬ್ಲ್ಯಾಂಕ್'ನಲ್ಲಿ ಕ್ಯಾಪ್ ಇದೆ, ಮದ್ದು ಇದೆ, ಗುಂಡು ಇಲ್ಲ. ಥಾಮ್ಸನ್ ತಾನಾಗಿ ಒಂದರ ಹಿಂದೆ ಒಂದು ಹೊಡೆಯುವುದು ಆ ಮದ್ದಿನ ಗ್ಯಾಸಿನ ಒತ್ತಡದಿಂದ. ಗುಂಡೇ ಇಲ್ಲದಿದ್ದರೆ ಗ್ಯಾಸು ನಳಿಗೆಯ ಬಾಯಿಂದ ಸಲೀಸಾಗಿ ಹೊರಗೆ ಹೋಗುತ್ತೆ, ಒತ್ತಡ ಸಾಲಲ್ಲ, ಬಂದೂಕು ಒಂದೇ ಹೊಡೆತಕ್ಕೆ ನಿಲ್ಲುತ್ತೆ. ಅದಕ್ಕೇ ನಳಿಗೆಯೊಳಗೆ ಸಣ್ಣ ತೂತಿರುವ ಬಿರಡೆ ಕೂರಿಸ್ತಾರೆ. ಒತ್ತಡ ಉಳಿಯುತ್ತೆ, ಬಾಯಲ್ಲಿ ಬೆಂಕಿಯೂ ಚೆನ್ನಾಗಿ ಕಾಣುತ್ತೆ. ಅಂಥ ಬಂದೂಕಿಗೆ ತಪ್ಪಿ ನಿಜವಾದ ತೋಟಾ ಹಾಕಿದರೆ ಬಂದೂಕೇ ಸಿಡಿಯಬಹುದು.

ಈಗ ಕ್ರೌನ್ ಪಾಯಿಂಟ್‌ಗೆ ವಾಪಸ್ ಹೋಗೋಣ. ಆ ಜೈಲಿನಿಂದ ಯಾರೂ ತಪ್ಪಿಸಿಕೊಳ್ಳೋಕೆ ಆಗಲ್ಲ ಅನ್ನೋ ಹೆಸರಿತ್ತು, ಹೆಚ್ಚುವರಿ ಕಾವಲೂ ಇತ್ತು. ಡಿಲಿಂಜರ್ ಮರದ ಪಿಸ್ತೂಲು ತೋರಿಸಿ ಒಬ್ಬೊಬ್ಬರನ್ನೇ ಒಳಗೆ ಕೂಡಿಹಾಕಿದ, ಜೈಲಿನ ಆಫೀಸಿನಲ್ಲಿದ್ದ ಎರಡು ನಿಜವಾದ ಥಾಮ್ಸನ್ ಎತ್ತಿಕೊಂಡ, ಶೆರಿಫ್ ಲಿಲಿಯನ್ ಹಾಲಿ ಅವರ ಫೋರ್ಡ್ ವಿ-8 ಕಾರಿನಲ್ಲೇ ಹೊರಟುಹೋದ. ಪಿಸ್ತೂಲನ್ನು ಅವನೇ ಕೆತ್ತಿದನೋ, ಹೊರಗಿನಿಂದ ಯಾರಾದರೂ ತಂದುಕೊಟ್ಟರೋ ಅನ್ನೋ ವಾದ ಆಗಲೇ ಶುರುವಾಯಿತು, ಇನ್ನೂ ನಿಂತಿಲ್ಲ.

ಕಾವಲುಗಾರರನ್ನು ನೋಡಿ ಜನ ನಕ್ಕರು. ನನಗೆ ನಗು ಬರಲ್ಲ. ನನ್ನ ಕೆಲಸ ಡೇಟಾ ಸೈನ್ಸ್. ದಿನಾ ನೋಡುವುದು ಇದೇ ಲೆಕ್ಕ. ಒಂದು ನಿರ್ಧಾರ ಎರಡು ರೀತಿ ತಪ್ಪಬಹುದು, ಎರಡು ತಪ್ಪಿನ ಬೆಲೆ ಒಂದೇ ಇರಬೇಕಾಗಿಲ್ಲ. ಮರದ ಪಿಸ್ತೂಲನ್ನು ನಿಜ ಅಂತ ನಂಬಿದರೆ ಹೋಗೋದು ಮಾನ, ಹೆಚ್ಚೆಂದರೆ ಕೆಲಸ. ನಿಜವಾದ ಪಿಸ್ತೂಲನ್ನು ಮರ ಅಂತ ಬಗೆದರೆ ಹೋಗೋದು ಜೀವ. ಯೋಚಿಸೋಕೆ ಇರೋದು ಒಂದೇ ಕ್ಷಣ. ಮಬ್ಬುಗತ್ತಲಲ್ಲಿ ಹಗ್ಗ ಕಂಡರೆ ಹಾವು ಅಂತ ಹಾರುವವನು ದಡ್ಡ ಅಲ್ಲ, ಲೆಕ್ಕ ಬಲ್ಲವನು. ಆಟಿಕೆಯ ಆಯುಧಕ್ಕೆ ಶಕ್ತಿ ಬರುವುದು ಈ ಲೆಕ್ಕದಿಂದ.

ಮುಂದಿನ ಕತೆಯಲ್ಲಿ ಆಟಿಕೆ ಇಲ್ಲ. ಡಿಲಿಂಜರ್ ಜೊತೆ ಹರ್ಬರ್ಟ್ ಯಂಗ್‌ಬ್ಲಡ್ ಎಂಬ ಕಪ್ಪು ಕೈದಿಯೂ ತಪ್ಪಿಸಿಕೊಂಡಿದ್ದ. ಎರಡೇ ವಾರದಲ್ಲಿ, ಮಾರ್ಚ್ 16ರಂದು, ಡೆಟ್ರಾಯಿಟ್‌ಗೆ ಈಶಾನ್ಯದಲ್ಲಿರುವ ಪೋರ್ಟ್ ಹ್ಯೂರನ್‌ನಲ್ಲಿ ಗುಂಡಿನ ಚಕಮಕಿಯಲ್ಲಿ ಸತ್ತ. ಒಬ್ಬ ಪೊಲೀಸ್ ಅಧಿಕಾರಿಯೂ ಸತ್ತರು. ಜುಲೈ 22ರ ರಾತ್ರಿ ಡಿಲಿಂಜರ್ ಶಿಕಾಗೋದ ಲಿಂಕನ್ ಅವೆನ್ಯೂದ ಬಯೋಗ್ರಾಫ್ ಥಿಯೇಟರಿನಲ್ಲಿ 'ಮ್ಯಾನ್‌ಹ್ಯಾಟನ್ ಮೆಲೋಡ್ರಾಮಾ' ಎಂಬ ಗ್ಯಾಂಗ್‌ಸ್ಟರ್ ಸಿನಿಮಾ ನೋಡಿ ಹೊರಗೆ ಬಂದ, ಕಾಯುತ್ತಿದ್ದ ಫೆಡರಲ್ ಏಜೆಂಟರ ಗುಂಡಿಗೆ ಬಲಿಯಾದ. 2009ರಲ್ಲಿ ಮೈಕಲ್ ಮಾನ್ 'ಪಬ್ಲಿಕ್ ಎನಿಮೀಸ್' ತೆಗೆದಾಗ ಕ್ರೌನ್ ಪಾಯಿಂಟ್‌ನ ಅದೇ ಹಳೆ ಜೈಲಿನಲ್ಲಿ, ಅದೇ ಥಿಯೇಟರಿನ ಮುಂದೆ ಚಿತ್ರೀಕರಣ ಮಾಡಿದರು.

ಅದೇ 1934ರ ಜೂನ್ 26ರಂದು ಮಷಿನ್ ಗನ್ನುಗಳ ಮೇಲೆ ಫೆಡರಲ್ ಕಾನೂನು ಬಂತು. ಪ್ರತಿ ಮಾರಾಟಕ್ಕೂ ನೋಂದಣಿ, 200 ಡಾಲರ್ ತೆರಿಗೆ. ಹೆಚ್ಚುಕಡಿಮೆ ಬಂದೂಕಿನ ಬೆಲೆಯಷ್ಟೇ ತೆರಿಗೆ! 1986ರಲ್ಲಿ ಸಾರ್ವಜನಿಕರಿಗೆ ಹೊಸ ಮಷಿನ್ ಗನ್ ಮಾರುವುದೇ ನಿಂತಿತು. ಹಳೆ ಥಾಮ್ಸನ್‌ಗಳ ಬೆಲೆ ಗಗನಕ್ಕೆ ಏರಿತು. ಹಾಗಾಗಿ ಒಂದು ಸಿನಿಮಾದಲ್ಲಿ ಒಂದೇ ಬಂದೂಕಿಗೆ ಹಲವು ಜನ್ಮ. ಹತ್ತಿರದ ದೃಶ್ಯಕ್ಕೆ, ಬೆಂಕಿ ಉಗುಳೋಕೆ ಬ್ಲ್ಯಾಂಕ್ ಹೊಡೆಯುವ ಅಸಲಿ. ಕೈಯಲ್ಲಿ ಹಿಡಿದು ಓಡಾಡೋಕೆ ಗುಂಡು ಹಾರದ ಲೋಹದ ನಕಲು. ಮೆಟ್ಟಿಲಿನಿಂದ ಬೀಳೋಕೆ, ಹೊಡೆದಾಡೋಕೆ ರಬ್ಬರಿನದ್ದು. ಅಸಲಿ ಬಂದೂಕಿನ ಮೇಲೆ ಸಿಲಿಕೋನ್ ಸುರಿದು ಅಚ್ಚು ತೆಗೆದು, ಒಳಗೆ ತಂತಿ ಇಟ್ಟು, ರಬ್ಬರ್ ಹೊಯ್ದು, ಬಣ್ಣ ಹಚ್ಚಿದರೆ ಆಯಿತು. ಖಾಲಿ ಥಾಮ್ಸನ್ನೇ ನಾಲ್ಕೂವರೆ ಕಿಲೋಗಿಂತ ಹೆಚ್ಚು ತೂಗುತ್ತೆ. ರಬ್ಬರಿನದನ್ನು ಹಿಡಿದವನು ಆ ಭಾರವನ್ನು ನಟಿಸಬೇಕು.

ಡೆಟ್ರಾಯಿಟ್‌ನ ಹೆಸರಿನಲ್ಲೇ ಇನ್ನೊಂದು ಉದಾಹರಣೆ ಇದೆ. 1987ರ 'ರೋಬೋಕಾಪ್' ಕತೆ ನಡೆಯುವುದು ಡೆಟ್ರಾಯಿಟ್‌ನಲ್ಲಿ, ಬಹುಪಾಲು ಚಿತ್ರೀಕರಣ ಆದದ್ದು ಡಲಾಸ್‌ನಲ್ಲಿ. ಮೊದಲು ರೋಬೋಕಾಪ್ ಕೈಗೆ ಡೆಸರ್ಟ್ ಈಗಲ್ ಎಂಬ ದೊಡ್ಡ ಪಿಸ್ತೂಲನ್ನೇ ಕೊಟ್ಟು ನೋಡಿದರು. ಆ ಕವಚದ ಕೈಯಲ್ಲಿ ಅದು ಸಣ್ಣದಾಗಿ ಕಂಡಿತು. ಕೊನೆಗೆ ಇಟಲಿಯ ಬೆರೆಟ್ಟಾ 93ಆರ್ ಪಿಸ್ತೂಲಿಗೆ ಉದ್ದ ನಳಿಗೆಯ ಕವಚ ಜೋಡಿಸಿ, ಗುರಿ ಹಿಡಿಯುವ ಭಾಗವನ್ನು ದಪ್ಪ ಮಾಡಿ 'ಆಟೋ 9' ತಯಾರಿಸಿದರು. ಸಿನಿಮಾದ ಆಯುಧ ಮೊದಲು ಒಪ್ಪಬೇಕಾದದ್ದು ಕೈಗೆ ಅಲ್ಲ, ಕಣ್ಣಿಗೆ.

ಪರದೆಯ ಮೇಲೆ ಅಸಲಿ ಯಾವುದು, ಸೋಗು ಯಾವುದು ಗೊತ್ತಾಗಬಾರದು. ಸೆಟ್ಟಿನ ಮೇಲೆ ಮಾತ್ರ ಗೊತ್ತಾಗಲೇಬೇಕು. ಇದು ತಪ್ಪಿದಾಗ ಜೀವ ಹೋಗಿದೆ. 1993ರ ಮಾರ್ಚ್ 31ರಂದು 'ದಿ ಕ್ರೋ' ಚಿತ್ರೀಕರಣದಲ್ಲಿ ಬ್ರ್ಯಾಂಡನ್ ಲೀ ಸತ್ತದ್ದು ಹೀಗೆ: ನೋಡಲಿಕ್ಕೆ ಮಾತ್ರ ಅಂತ ಮದ್ದು ತೆಗೆದು ಮಾಡಿದ್ದ ತೋಟಾದಲ್ಲಿ ಕ್ಯಾಪ್ ಉಳಿದುಬಿಟ್ಟಿತ್ತು. ಅದರ ಕಿಡಿಗೆ ಗುಂಡು ಜಾರಿ ನಳಿಗೆಯಲ್ಲಿ ಸಿಕ್ಕಿಕೊಂಡಿತು. ಆಮೇಲೆ ಅದೇ ಪಿಸ್ತೂಲಿನಿಂದ ಬ್ಲ್ಯಾಂಕ್ ಹೊಡೆದಾಗ ಆ ಗುಂಡು ಹೊರಗೆ ಚಿಮ್ಮಿತು. 2021ರ ಅಕ್ಟೋಬರ್ 21ರಂದು 'ರಸ್ಟ್' ಸೆಟ್ಟಿನಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತದ್ದು ನಿಜವಾದ ತೋಟಾ ಒಳಗೆ ಬಂದಿದ್ದರಿಂದ. ಸೆಟ್ಟಿನ ಆಯುಧ ನೋಡಿಕೊಳ್ಳುವವರ ಮೊದಲ ಪಾಠ ಕ್ರೌನ್ ಪಾಯಿಂಟ್ ಕಾವಲುಗಾರರ ಲೆಕ್ಕವೇ: ಮರ ಅಂತ ಖಾತ್ರಿ ಆಗುವವರೆಗೂ ಎಲ್ಲವೂ ನಿಜ.

ಅದೇ ಲೆಕ್ಕ ಬೀದಿಗೆ ಬಂದರೆ ಇನ್ನೂ ಭಯಂಕರ. ಅಮೆರಿಕದಲ್ಲಿ ಆಟಿಕೆ ಬಂದೂಕಿನ ತುದಿಗೆ ಕಿತ್ತಳೆ ಬಣ್ಣ ಇರಬೇಕು ಅಂತ 1988ರಿಂದ ಫೆಡರಲ್ ಕಾನೂನು ಇದೆ. ಸಿನಿಮಾ, ನಾಟಕಕ್ಕೆ ಮಾತ್ರ ವಿನಾಯಿತಿ ಕೊಡಬಹುದು. 2014ರ ನವೆಂಬರ್ 22ರಂದು ಕ್ಲೀವ್‌ಲ್ಯಾಂಡ್‌ನ ಪಾರ್ಕ್ ಒಂದರಲ್ಲಿ ಟಮೀರ್ ರೈಸ್ ಎಂಬ 12 ವರ್ಷದ ಕಪ್ಪು ಹುಡುಗನ ಹತ್ತಿರ ಇದ್ದದ್ದು ಏರ್‌ಸಾಫ್ಟ್ ಪಿಸ್ತೂಲು, ಕಿತ್ತಳೆ ತುದಿ ಇರಲಿಲ್ಲ. ಪೊಲೀಸ್ ಕಾರು ಬಂದು ನಿಂತ ಕೆಲವೇ ಸೆಕೆಂಡುಗಳಲ್ಲಿ ಗುಂಡು ಹಾರಿತ್ತು. ಡಿಲಿಂಜರನ ಕೈಯಲ್ಲಿ ಬಾಗಿಲು ತೆರೆದ ಸೋಗು ಈ ಮಗುವಿನ ಕೈಯಲ್ಲಿ ಜೀವ ತೆಗೆಯಿತು. ಎದುರಿಗೆ ಇರುವವನನ್ನು ಕಂಡು ನಮಗೆ ಮೊದಲೇ ಎಷ್ಟು ಭಯ ಇದೆ ಅನ್ನೋದೂ ಆ ಲೆಕ್ಕದಲ್ಲಿ ಸೇರಿರುತ್ತೆ.

ನಮ್ಮ ಸಿನಿಮಾದ ಆಯುಧ ಬಂದೂಕಲ್ಲ, ಲಾಂಗು. 1995ರ 'ಓಂ'ನಲ್ಲಿ ಉಪೇಂದ್ರ ಬೆಂಗಳೂರಿನ ನಿಜವಾದ ರೌಡಿಗಳನ್ನೇ ತೆರೆಗೆ ತಂದರು. ಆಮೇಲೆ ಲಾಂಗು ಮಚ್ಚು ಹಿಡಿಯದ ಹೀರೋ ಅಪರೂಪ ಅನ್ನುವ ಕಾಲವೂ ಬಂತು. 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಇಬ್ಬರು ಟಿವಿ ಕಲಾವಿದರು ಮಚ್ಚು ಹಿಡಿದು ರೀಲ್ಸ್ ಮಾಡಿದ್ದಕ್ಕೆ ಕೇಸು ಬಿತ್ತು. ಠಾಣೆಗೆ ಬಂದದ್ದು ಫೈಬರ್ ಮಚ್ಚು. ರೀಲ್ಸ್‌ನಲ್ಲಿ ಕಂಡದ್ದು ಇದಲ್ಲ ಅಂದರು ಪೊಲೀಸರು. ಇಡೀ ಊರು ಚರ್ಚಿಸಿದ್ದು ಒಂದೇ ಪ್ರಶ್ನೆ, ಅದು ಸೋಗಾ, ಅಸಲಿಯಾ?

ಶಿಕಾಗೋದ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯಿಟ್‌ನ ಪಂಪ ಕನ್ನಡ ಕೂಟ, ಹೀಗೆ ನಮ್ಮ ಕೂಟಗಳಲ್ಲಿ ಮಕ್ಕಳು ನಾಟಕ ಆಡುವುದನ್ನು ನೀವು ನೋಡಿರ್ತೀರಿ. ರಟ್ಟಿನ ಗದೆ, ಬೇಗಡೆಯ ಬಿಲ್ಲು ಬಿಗಿಯಾಗಿ ಹಿಡಿದು ರಂಗಕ್ಕೆ ಬರಲಿ, ಚೆನ್ನಾಗಿ ಗುಡುಗಲಿ. ಪೊಲೀಸು-ಕಳ್ಳರ ನಾಟಕ ಆದರೆ ಪಿಸ್ತೂಲಿನ ತುದಿಯ ಕಿತ್ತಳೆ ಬಣ್ಣ ಹಾಗೇ ಇರಲಿ, ಹಿಂದಿನ ಸಾಲಿನವರಿಗೂ ಕಾಣಲಿ. ಯಾರೂ ಬೇಸರ ಮಾಡಿಕೊಳ್ಳಲ್ಲ. ಆಟ ಮುಗಿದಮೇಲೆ ಆಯುಧಗಳೆಲ್ಲ ಪೆಟ್ಟಿಗೆಗೆ ಹೋಗಲಿ, ಮಕ್ಕಳು ಪಾರ್ಕಿಂಗ್ ಲಾಟಿಗೆ ಬರಿಗೈಯಲ್ಲಿ ಬರಲಿ. ರಂಗದ ಕೆಳಗೆ ಕೂತವರಿಗೆ ಅದು ರಟ್ಟು ಅಂತ ಗೊತ್ತು. ರಸ್ತೆಯಲ್ಲಿ ಹೋಗುವವರಿಗೆ ಗೊತ್ತಿಲ್ಲ.